ಕೈ ನೀರು ನೋಡುವ ಮೊದಲು

ಹರೀಶ ಮಾಸ್ತರರಿಗೆ ಭೌತಶಾಸ್ತ್ರ ಬರುತ್ತಿರಲಿಲ್ಲ ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಬರುತ್ತಿತ್ತು, ನಿರರ್ಗಳವಾಗಿ ಬರುತ್ತಿತ್ತು. ತಪ್ಪಾಗಿ ಬರುತ್ತಿತ್ತು, ಅಷ್ಟೇ. ಅವರು ಕಾಲೇಜಿನಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಕಪ್ಪೆಯ ಹೊಟ್ಟೆಯೊಳಗೆ ಯಾವುದು ಎಲ್ಲಿದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಿಯಾರು. ಆದರೆ ಕಾಳಿ ಹೊಳೆಯ ಆಚೆ ದಂಡೆಯ ಆ ಹೈಸ್ಕೂಲಿಗೆ ಬೇಕಾಗಿದ್ದದ್ದು ಭೌತಶಾಸ್ತ್ರದವರು, ಸಿಕ್ಕಿದ್ದು ಇವರು. ವಿಜ್ಞಾನ ಎಂದಮೇಲೆ ಎಲ್ಲ ಒಂದೇ ಎಂದು ಮೇಲಿನವರು ಸಮಾಧಾನ ಹೇಳಿ ಕಳಿಸಿದರು. ಅಂದಿನಿಂದ ಹದಿನೆಂಟು ವರ್ಷ ಮಾಸ್ತರರು ಕಪ್ಪೆಯನ್ನು ಅದರ ಪಾಡಿಗೆ ಬಿಟ್ಟು ಬಲ, ವೇಗ, ವೇಗೋತ್ಕರ್ಷಗಳ ಬೆನ್ನು ಹತ್ತಿದ್ದರು.

ಮನೆ ಅಂಕೋಲೆಯ ಭಾವಿಕೇರಿಯಲ್ಲಿ. ಬೆಳಿಗ್ಗೆ ಅಂಕೋಲೆಯಿಂದ ಕಾರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆ ದಾಟಲು ಇನ್ನೊಂದು. ಸಂಜೆ ಅದೇ ದಾರಿಯಲ್ಲಿ ವಾಪಸು. ಹದಿನೆಂಟು ವರ್ಷ ಸುತ್ತಿ ಸುತ್ತಿ ಲಕ್ಷಗಟ್ಟಲೆ ಕಿಲೋಮೀಟರ್ ದೂರ ಕ್ರಮಿಸಿದ್ದರೂ ಅವರ ಸ್ಥಾನಪಲ್ಲಟ ಮಾತ್ರ ಸೊನ್ನೆ. ವರ್ಗಾವಣೆಗೆ ಅರ್ಜಿ ಹಾಕಿದಾಗಲೆಲ್ಲ ಅಂಕೋಲೆಯ ಜಾಗ ಇನ್ಯಾರದೋ ಪಾಲಾಗುತ್ತಿತ್ತು. ತಮ್ಮನ್ನು ಯಾರೋ ಬೇಕಂತಲೇ ಹೊರಗೆ ತಳ್ಳುತ್ತಿದ್ದಾರೆ ಎಂದು ಅವರು ಬಲವಾಗಿ ನಂಬಿದ್ದರು. ಯಾರು ಯಾರು ಎಂಬುದರ ಪಟ್ಟಿಯೂ ಅವರ ತಲೆಯಲ್ಲಿ ತಯಾರಿತ್ತು.

ಈ ತಳ್ಳಾಟಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿದ್ದು ಬಸ್ಸಿನಲ್ಲಿ. ಬಿಣಗಾದ ಘಟ್ಟದಲ್ಲಿ ಬಸ್ಸು ತಿರುಗುವಾಗ ಮೈ ಕಿಟಕಿಯ ಕಡೆ ವಾಲುತ್ತದೆ. ಯಾಕೆ ವಾಲುತ್ತದೆ? ತಿರುಗುವ ಪ್ರತಿಯೊಂದು ವಸ್ತುವನ್ನೂ ಕೇಂದ್ರಾಪಗಾಮಿ ಬಲವೆಂಬುದು ಹೊರಕ್ಕೆ ದಬ್ಬುತ್ತದೆ. ಹಾಗಿದ್ದಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸುವಾಗ ಹಗ್ಗ ಹರಿದರೆ ಕಲ್ಲು ಎಲ್ಲಿಗೆ ಹೋಗಬೇಕು? ಕೇಂದ್ರದಿಂದ ನೆಟ್ಟಗೆ ಹೊರಕ್ಕೆ. ಇಷ್ಟು ಸರಳವಾದ ಸತ್ಯವನ್ನು ಅವರು ಸ್ವಂತ ಗೈಡಿನಲ್ಲಿ ಅಚ್ಚು ಹಾಕಿಸಿದ್ದರು. ಹೆಸರು 'ವಿಜ್ಞಾನ ದೀಪಿಕೆ', ಮೂರು ಮುದ್ರಣ ಕಂಡದ್ದು, ನಾಲ್ಕನೆಯದು ಸದ್ಯದಲ್ಲೇ. ನಲವತ್ತೇಳನೇ ಪುಟದ ಚಿತ್ರದಲ್ಲಿ ಒಂದು ವೃತ್ತ, ಒಂದು ಕಲ್ಲು, ನಡುವಿನಿಂದ ಹೊರಗೆ ಚಾಚಿದ ಒಂದು ದಪ್ಪ ಬಾಣ. ಸರಕಾರದ ಪಠ್ಯಪುಸ್ತಕದಲ್ಲಿ ಮಾತ್ರ ಕಲ್ಲು ವೃತ್ತದ ಅಂಚನ್ನು ಸವರಿಕೊಂಡು ಸ್ಪರ್ಶಕದ ದಾರಿಯಲ್ಲಿ ಹೋಗುತ್ತದೆ ಎಂದಿತ್ತು. "ಅದು ಪ್ರಿಂಟ್ ಮಿಸ್ಟೇಕು" ಎಂದು ಮಾಸ್ತರರು ಪ್ರತಿ ವರ್ಷ ಮಕ್ಕಳಿಗೆ ತಿಳಿಸಿ ಹೇಳುತ್ತಿದ್ದರು.

ಅವರ ಪಾಠ ನೀರಿನಲ್ಲಿ ಹೋಮವಾಗಿರಲಿಲ್ಲ ಎನ್ನುವುದಕ್ಕೆ ಸಂಜೆಯ ಬಸ್ಸಿನ ಕಂಡಕ್ಟರ್ ಜಟ್ಟುವೇ ಸಾಕ್ಷಿ. ಅವರ ಮೊದಲ ಬ್ಯಾಚಿನ ಹುಡುಗ. ಘಟ್ಟದ ತಿರುವು ಬಂದದ್ದೇ ಕಂಬಿಗೆ ಒರಗಿ ನಿಂತು, "ಗಟ್ಟಿ ಹಿಡ್ಕಳ್ಳಿ ಸರ್, ಕೇಂದ್ರಾಪಗಾಮಿ!" ಎಂದು ದಿನವೂ ಕೂಗುತ್ತಿದ್ದ. ಅಷ್ಟು ಕೇಳಿದರೆ ಮಾಸ್ತರರಿಗೆ ಇಡೀ ದಿನದ ದಣಿವು ಇಳಿಯುತ್ತಿತ್ತು.

ಹೀಗೆ ಎಲ್ಲ ಸುಸೂತ್ರವಾಗಿ ಸುತ್ತುತ್ತಿದ್ದಾಗ ಒಂಬತ್ತನೇ ತರಗತಿಯ ಪ್ರೀತಿ ಎಂಬ ಹುಡುಗಿ ಒಂದು ಉತ್ತರ ಬರೆದಳು.

ದೇವಬಾಗದವಳು. ಅಪ್ಪ ಪುಂಡಲೀಕ ಹೊಳೆಬಾಯಿಯಲ್ಲಿ ಬೀಸುಬಲೆ ಹಾಕುವವನು, ತಾಯಿ ದುರ್ಗಾ ಆ ಮೀನನ್ನು ಕಾರವಾರದಲ್ಲಿ ಮಾರುವವಳು. ಹಗ್ಗ ಹರಿದರೆ ಕಲ್ಲು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಅಂಕದ ಪ್ರಶ್ನೆಗೆ ಅವಳು ಸ್ಪರ್ಶಕದ ಚಿತ್ರ ಬರೆದು ಕೆಳಗೆ ಹೀಗೆ ವಿವರಿಸಿದ್ದಳು: 'ತಿರುಗುವ ಕೈ ನೀರಿಗೆ ಎದುರಾದಾಗ ಬಲೆ ಬಿಟ್ಟರೆ ಬಲೆ ನೀರಿಗೆ ಹೋಗುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಕೈ ನೀರು ನೋಡುವ ಮೊದಲೇ ಬಿಡಬೇಕು. ಇದನ್ನು ನಮ್ಮ ಅಪ್ಪ ಹೇಳಿದ್ದಾರೆ.'

ಮಾಸ್ತರರು ಚಿತ್ರದ ಮೇಲೆ ಕಾಟು ಹೊಡೆದರು. 'ನಮ್ಮ ಅಪ್ಪ' ಎಂಬುದರ ಅಡಿಗೆ ಎರಡು ಸಲ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ, 'ಪರೀಕ್ಷೆಗೆ ಅಪ್ಪನನ್ನು ತರಬಾರದು' ಎಂದು ಬರೆದರು. ಬರೆದಾದ ಮೇಲೆ ತಮ್ಮ ಹಾಸ್ಯಪ್ರಜ್ಞೆಗೆ ತಾವೇ ಮೆಚ್ಚಿ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರು.

ಬರೀ ಎರಡು ಅಂಕದ ಮಾತಾಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಪರೀಕ್ಷೆಯಲ್ಲಿ ಮೊದಲು ಬಂದ ಒಬ್ಬರನ್ನು ಶಾಲೆಯಿಂದ ಧಾರವಾಡದ ಹತ್ತು ದಿನಗಳ ವಿಜ್ಞಾನ ಶಿಬಿರಕ್ಕೆ ಕಳಿಸುವುದಿತ್ತು. ದೂರದರ್ಶಕದಲ್ಲಿ ಶನಿಯ ಬಳೆ ತೋರಿಸುತ್ತಾರಂತೆ ಎಂದು ಪ್ರೀತಿ ಮೂರು ತಿಂಗಳಿಂದ ಅದನ್ನೇ ಧ್ಯಾನಿಸುತ್ತಿದ್ದಳು. ಮಾಸ್ತರರ ಬಾಣವನ್ನು ಹಾಗೆಯೇ ಇಳಿಸಿದ ರೋಷನನಿಗೆ ಮೂವತ್ತೆಂಟು, ಪ್ರೀತಿಗೆ ಮೂವತ್ತೇಳು. ಹೆಸರು ಕಳಿಸಲು ಸೋಮವಾರ ಕಡೆಯ ದಿನ.

ಶುಕ್ರವಾರ ಮಧ್ಯಾಹ್ನ ದುರ್ಗಾ ಖಾಲಿ ಬುಟ್ಟಿಯ ಸಮೇತ ಸ್ಟಾಫ್ ರೂಮಿಗೆ ಬಂದಳು. ಬುಟ್ಟಿಯಿಂದ ಉತ್ತರಪತ್ರಿಕೆ ತೆಗೆದು ಮೇಜಿನ ಮೇಲಿಟ್ಟಳು.

"ಮಾಸ್ತರೇ, ಇದ್ರಲ್ಲಿ ತಪ್ಪು ಎಂತದು ಉಂಟು, ಸ್ವಲ್ಪ ಹೇಳ್ತ್ರಾ?"

"ಉತ್ತರವೇ ತಪ್ಪು ಕಾಣಮ್ಮ. ವಿಜ್ಞಾನ ಬೇರೆ, ಮೀನು ಹಿಡಿಯೂದು ಬೇರೆ."

"ಹೌದ್ರಾ? ಹಾಂಗಾದ್ರೆ ಕಲ್ಲಿಗೆ ಒಂದು ಕಾಯ್ದೆ, ಬಲೆಗೊಂದು ಕಾಯ್ದೆ?"

ಮಾಸ್ತರರು ಗೈಡು ತೆರೆದು ನಲವತ್ತೇಳನೇ ಪುಟ ತೋರಿಸಿದರು. ದುರ್ಗಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಬರ್ದೋರು ಯಾರು?" ಎಂದು ಕೇಳಿದಳು. ಮಾಸ್ತರರು ಸಂಕೋಚದಿಂದ, ಆದರೆ ಹೆಚ್ಚು ಸಂಕೋಚವಿಲ್ಲದೆ, ತಾವೇ ಎಂದರು. "ಬರ್ದೋರೂ ನೀವೇ, ತಪಾಸು ಮಾಡೋರೂ ನೀವೇ. ಪೂರಾ ಸಮ ಆಯ್ತು ಬಿಡಿ," ಎಂದಳು ದುರ್ಗಾ. "ನಾಳೆ ಶನಿವಾರ. ಶಾಲೆ ಬಿಟ್ಟಮ್ಯಾಲೆ ಹೊಳೆಬಾಯಿಗೆ ಬನ್ನಿ. ನಮ್ಮವ್ರು ಬಲೆ ಬೀಸ್ತ್ರು. ಕಣ್ಣಲ್ಲಿ ಕಂಡ್ಕಂಡು ಆಮೇಲೆ ಮಾತಾಡುವ."

ಮುಖ್ಯಾಧ್ಯಾಪಕಿ ವೈಜಯಂತಿ ಬಾಯಿ ಮೂಲೆಯ ಕುರ್ಚಿಯಲ್ಲಿದ್ದರು. ಅವರದು ಕನ್ನಡ ವಿಷಯ. ಸ್ಪರ್ಶಕವೆಂದರೆ ಅವರಿಗೆ ಯಾವುದೋ ಸಮಾಸದಂತೆ ಕೇಳಿಸುತ್ತಿತ್ತು. ಜಗಳ ಸ್ಟಾಫ್ ರೂಮಿನಿಂದ ಹೊರಗೆ ಹೋದರೆ ಸಾಕೆಂದು, "ಹೋಗಿ ನೋಡಿ ಬರುವ ಮಾಸ್ತರೇ, ಅದಕ್ಕೆಂತ," ಎಂದರು. ಮಾಸ್ತರರಿಗೂ ಹಿಡಿಸಿತು. ಇಡೀ ಒಂಬತ್ತನೇ ತರಗತಿಯನ್ನು ಕರೆದೊಯ್ದು ಪ್ರಾತ್ಯಕ್ಷಿಕೆ ಮಾಡುವುದು, ವೀಡಿಯೊ ತೆಗೆಸುವುದು, ಜಿಲ್ಲೆಯ ವಿಜ್ಞಾನ ಶಿಕ್ಷಕರ ಗ್ರೂಪಿಗೆ ಹಾಕುವುದು, ನಾಲ್ಕನೇ ಮುದ್ರಣಕ್ಕೆ ಪುಕ್ಕಟೆ ಪ್ರಚಾರ. ಅಂದು ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಇಳಿತದ ಹೊತ್ತು. ಹೊಳೆ ಸಮುದ್ರ ಸೇರುವಲ್ಲಿ ಮೊಣಕಾಲುದ್ದ ನೀರು, ಅಂಚಿನಲ್ಲಿ ಕೆಸರು ಬೆರೆತ ಮರಳು. ಮಕ್ಕಳು ಸಾಲಾಗಿ ನಿಂತರು. ವೈಜಯಂತಿ ಬಾಯಿ ಕೊಡೆ ಬಿಚ್ಚಿ ಮೊಬೈಲು ಹಿಡಿದು ತಯಾರಾದರು.

ಪುಂಡಲೀಕ ಮಾತು ಕಡಿಮೆಯ ಮನುಷ್ಯ. ಮಾಸ್ತರರಿಗೆ ಕೈಮುಗಿದು, ಬಲೆಯ ಹಗ್ಗದ ಕುಣಿಕೆಯನ್ನು ಎಡ ಮಣಿಕಟ್ಟಿಗೆ ಸಿಕ್ಕಿಸಿಕೊಂಡ. ಅಂಚಿಗೆ ಸೀಸದ ಗುಂಡುಗಳಿರುವ ಬಲೆಯ ಒಂದು ಪಾಲನ್ನು ಮೊಣಕೈಗೆ ಹಾಕಿ, ಉಳಿದದ್ದನ್ನು ಬಲಗೈಯಲ್ಲಿ ಹಿಡಿದು, ನೀರಿಗೆ ಮುಖ ಮಾಡಿ ಸೊಂಟವನ್ನು ಬಲಕ್ಕೆ ತಿರುಚಿದ. ಮರುಕ್ಷಣ ಎಡಕ್ಕೆ ಸರ್ರನೆ ತಿರುಗಿದ. ಬಲೆ ಕೈಬಿಟ್ಟು ಮುಂದೆ ಹಾರಿ, ಗಾಳಿಯಲ್ಲೇ ದುಂಡಗೆ ಅರಳಿ, ನೀರಿನ ಮೇಲೆ ಒಮ್ಮೆಲೇ ಬಿತ್ತು.

"ನೋಡಿದ್ರಾ ಮಕ್ಕಳೇ?" ಮಾಸ್ತರರು ಮೊಬೈಲಿನ ಕಡೆ ತಿರುಗಿದರು. "ಬಲೆ ಹೊರಕ್ಕೆ ಅರಳಿತು. ಅರಳಿಸಿದವರು ಯಾರು? ಕೇಂದ್ರಾಪಗಾಮಿ ಬಲ! ನಮ್ಮ ಚಿತ್ರದಲ್ಲಿ ಇರುವುದೂ ಅದೇ."

"ಸರ್," ಪ್ರೀತಿ ಮೆಲ್ಲಗೆ ಕೇಳಿದಳು, "ಬಲೆ ಬಿಡುವಾಗ ಅಪ್ಪನ ಕೈ ಎಲ್ಲಿತ್ತು?"

"ಎಲ್ಲಿದ್ದರೇನು?"

"ಬಲಗಡೆ ಇತ್ತು ಸರ್. ಬಲೆ ಮುಂದೆ ಹೋಯ್ತು. ನಿಮ್ಮ ಬಾಣದ ಪ್ರಕಾರ ಬಲಗಡೆಗೇ ಹೋಗ್ಬೇಕಿತ್ತಲ್ಲ."

ಅಷ್ಟಕ್ಕೇ ಸೋಲುವ ಗಿರಾಕಿ ಮಾಸ್ತರರಲ್ಲ. "ಅದು ನಿನ್ನ ಅಪ್ಪನ ಕೈಚಳಕ. ಅಭ್ಯಾಸಬಲ. ಅದನ್ನೆಲ್ಲ ವಿಜ್ಞಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ."

"ಹಾಂಗಾದ್ರೆ ಅಭ್ಯಾಸ ಇಲ್ಲದೋರು ಬೀಸ್ಲಿ," ಎಂದಳು ದುರ್ಗಾ. "ನೀವೇ ಬೀಸಿ ಮಾಸ್ತರೇ, ನಿಮ್ಮ ಚಿತ್ರದ ಪ್ರಕಾರ."

ಮೂವತ್ತೆರಡು ಮಕ್ಕಳು ಮತ್ತು ಒಂದು ಮೊಬೈಲು ನೋಡುತ್ತಿರುವಾಗ ಹಿಂಜರಿಯುವುದು ಹೇಗೆ? ಮಾಸ್ತರರು ಪ್ಯಾಂಟು ಮಡಚಿದರು. ಪುಂಡಲೀಕ ಬಲೆಯನ್ನು ಹಿಂಡಿ ಅವರಿಗೆ ತೊಡಿಸಿದ. ಮೊಣಕೈಯನ್ನು ಸರಿ ಮಾಡಿದ, ಕುಣಿಕೆ ಬಿಗಿದ. ಚಿತ್ರದ ಪ್ರಕಾರ ಕೈ ಸೀದಾ ನೀರಿಗೆ ಎದುರಾದಾಗ ಬಲೆ ಬಿಡಬೇಕು, ಅದು ಸೀದಾ ನೀರಿಗೇ ಹೋಗಬೇಕು. ಇದನ್ನು ಮಾಸ್ತರರೇ ಗಟ್ಟಿಯಾಗಿ ಘೋಷಿಸಿದರು.

ಪುಂಡಲೀಕ ಸುತ್ತ ನೋಡಿದವನು ಎಡಗಡೆ ಮೂರ್ನಾಲ್ಕು ಮಾರು ದೂರದಲ್ಲಿ ನಿಂತಿದ್ದ ಮುಖ್ಯಾಧ್ಯಾಪಕಿಗೆ, "ಬಾಯೀ, ಅಲ್ಲಿ ನಿಲ್ಬೇಡ್ರಾ. ಮಾಸ್ತರು ಹಾಂಗೆ ಬಿಟ್ರೆ ಬಲೆ ನಿಮ್ಮ ಕಡೆಗೇ ಬರ್ತದೆ," ಎಂದ.

"ಎಂತಕ್ಕೆ ಹೆದರಿಸ್ತೀಯಾ ಮಾರಾಯ?" ಮಾಸ್ತರರು ನಕ್ಕರು. "ಬಾಯೀ, ನೀವು ಒಂದು ಹೆಜ್ಜೆ ಕದಲಬೇಡಿ. ಬೇಕಾದರೆ ಇನ್ನೂ ಸ್ವಲ್ಪ ಹತ್ತಿರ ಬನ್ನಿ. ವೈಜ್ಞಾನಿಕವಾಗಿ ಈ ದಂಡೆಯಲ್ಲಿ ಅದಕ್ಕಿಂತ ಸುರಕ್ಷಿತವಾದ ಜಾಗ ಇಲ್ಲ."

ವಿಜ್ಞಾನವನ್ನು ನಂಬಿ ವೈಜಯಂತಿ ಬಾಯಿ ನಾಲ್ಕು ಹೆಜ್ಜೆ ಹತ್ತಿರ ಬಂದರು.

ಮಾಸ್ತರರು ಬಲಕ್ಕೆ ತಿರುಚಿದರು. ಎಡಕ್ಕೆ ತಿರುಗಿದರು. ಕೈ ನೀರಿಗೆ ನೇರ ಎದುರಾದ ಆ ಕ್ಷಣದಲ್ಲೇ, ಚಿತ್ರದಲ್ಲಿ ಬಾಣ ಎಲ್ಲಿತ್ತೋ ಅಲ್ಲೇ, ಅತ್ಯಂತ ನಿಖರವಾಗಿ ಬಲೆ ಬಿಟ್ಟರು. ಬಲೆ ನೀರಿನ ಕಡೆ ತಲೆ ಹಾಕಿಯೂ ನೋಡಲಿಲ್ಲ. ಎಡಕ್ಕೆ ಹಾರಿತು. ಮೊದಲ ಸಲ ಬೀಸಿದವರ ಬಲೆ ಮುದ್ದೆಯಾಗಿ ಬೀಳುವುದು ವಾಡಿಕೆ, ಆದರೆ ಅವರದು ಅರ್ಧಕ್ಕರ್ಧ ಅರಳಿ ವೈಜಯಂತಿ ಬಾಯಿಯವರನ್ನು ಕೊಡೆಯ ಸಮೇತ ಮುಚ್ಚಿಕೊಂಡಿತು. ಬಾಯಿ ಬೆಚ್ಚಿ ಹಿಂದೆ ಓಡಿದರು. ಹಗ್ಗದ ಇನ್ನೊಂದು ತುದಿ ಮಾಸ್ತರರ ಮಣಿಕಟ್ಟಿನಲ್ಲಿತ್ತಲ್ಲ, ಅವರು ಕೆಸರಿನಲ್ಲಿ ಬೋರಲು ಬಿದ್ದರು.

ಮಕ್ಕಳು ನಗಲಿಲ್ಲ. ನಗದೆ ಇರುವ ಪ್ರಯತ್ನದಲ್ಲಿ ಇಬ್ಬರಿಗೆ ಕೆಮ್ಮು ಹತ್ತಿತು.

"ಇದನ್ನ ಗ್ರೂಪಿಗೆ ಹಾಕ್ಲಾ ಮಾಸ್ತರೇ?" ಎಂದು ಬಲೆಯ ಒಳಗಿನಿಂದ ವೈಜಯಂತಿ ಬಾಯಿ ಕೇಳಿದರು.

ವೈಜಯಂತಿ ಬಾಯಿಯವರನ್ನು ಬಲೆಯಿಂದ ಬಿಡಿಸಲು ದುರ್ಗಾ ಹೋದಳು. ಪುಂಡಲೀಕ ಮಾಸ್ತರರನ್ನು ಎಬ್ಬಿಸಿ ಕೂರಿಸಿ, ಮಣಿಕಟ್ಟಿನ ಕುಣಿಕೆ ಸಡಿಲಿಸಿದ. ಹಗ್ಗ ಎಳೆದಲ್ಲಿ ಚರ್ಮ ಕೆಂಪಾಗಿತ್ತು. ಅದರ ಮೇಲೆ ನೀರು ಹಾಕುತ್ತ ಅವನು ಹೇಳಿದ, "ಹೊರಗೆ ಯಾರೂ ದಬ್ಬೂದಿಲ್ಲ ಮಾಸ್ತರೇ. ತಿರುಗಿಸುವಾಗ ನಾವೇ ಒಳಗೆ ಎಳೀತಾ ಇರ್ಬೇಕು, ಕೈಗೆ ಗೊತ್ತಾಗ್ತದೆ. ಕೈ ಬಿಟ್ಟಕೂಡ್ಲೆ ಆ ಹೊತ್ತಿಗೆ ಎತ್ತ ಹೋಗ್ತಾ ಇತ್ತೋ ಅತ್ಲಾಗೇ ಹೋಗ್ತದೆ. ಅಷ್ಟೇ ಉಂಟು ಅದ್ರಲ್ಲಿ."

ಅಷ್ಟೇ ಇತ್ತು ಅದರಲ್ಲಿ. ಮಾಸ್ತರರು ಕೆಸರಿನಲ್ಲಿ ಕೂತೇ ಯೋಚಿಸಿದರು. ಸುತ್ತುವ ಕಲ್ಲಿನ ಜವ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ, ಆದರೂ ಅದಕ್ಕೆ ವೇಗೋತ್ಕರ್ಷ ಇದೆ ಎಂದು ಪುಸ್ತಕ ಹೇಳುತ್ತದೆ. ಯಾಕೆ ಎಂದು ಪ್ರೀತಿ ಹಿಂದೊಮ್ಮೆ ಕೇಳಿದಾಗ, 'ಪುಸ್ತಕದಲ್ಲಿದೆ, ಬಾಯಿಪಾಠ ಮಾಡು' ಎಂದಿದ್ದರು. ಪುಸ್ತಕದ ಮೇಲೆ ಅವರಿಗೆ ಅಷ್ಟು ಗೌರವ ಬಂದದ್ದು ಅದೊಂದೇ ದಿನ. ಈಗ ಉರಿಯುವ ಮಣಿಕಟ್ಟು ಉತ್ತರ ಹೇಳುತ್ತಿತ್ತು. ಕೈ ಪ್ರತಿ ಕ್ಷಣ ಒಳಗೆ ಎಳೆಯುತ್ತದೆ, ಅದರಿಂದ ಪ್ರತಿ ಕ್ಷಣ ದಿಕ್ಕು ತಿರುಗುತ್ತದೆ. ವೇಗವೆಂದರೆ ಜವದ ಜೊತೆ ದಿಕ್ಕೂ ಸೇರಿದ್ದು, ದಿಕ್ಕು ಬದಲಾದರೆ ವೇಗ ಬದಲಾದಂತೆಯೇ. ಆ ಬದಲಾವಣೆಯೇ ಕೇಂದ್ರದ ಕಡೆಗಿನ ವೇಗೋತ್ಕರ್ಷ. ಎಳೆಯುವ ಕೈ ತಪ್ಪಿದರೆ ತಿರುಗಿಸುವವರು ಯಾರೂ ಇಲ್ಲ, ಬಲೆ ನೆಟ್ಟಗೆ ತನ್ನ ದಾರಿ ಹಿಡಿಯುತ್ತದೆ. ದಾರಿಯಲ್ಲಿ ಮುಖ್ಯಾಧ್ಯಾಪಕಿ ಇದ್ದಾರೋ ಇಲ್ಲವೋ ಎಂದು ಅದು ನೋಡುವುದಿಲ್ಲ.

"ಎರಡು ಅಂಕ ಕೊಡ್ತೇನೆ," ಎಂದರು ಮಾಸ್ತರರು, ಯಾರ ಮುಖವನ್ನೂ ನೋಡದೆ. "ರೋಷನನದ್ದು ಕಡಿಮೆ ಮಾಡೂದಿಲ್ಲ, ಅವನು ನಾನು ಹೇಳಿದ್ದನ್ನೇ ಬರೆದವ. ಪ್ರೀತಿಗೆ ಮೂವತ್ತೊಂಬತ್ತು. ಧಾರವಾಡಕ್ಕೆ ಅವಳೇ ಹೋಗ್ಲಿ."

ಪುಂಡಲೀಕ ಬಲೆಯ ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿದ. "ಅಂಕ ನಿಮ್ಗೆ ಬಿಟ್ಟಿದ್ದು ಮಾಸ್ತರೇ. ಆ ಕೆಂಪು ಗೆರೆ ಒಂದು ಅಳಿಸ್ಲಿಕ್ಕೆ ಆಗ್ತದ್ಯಾ?"

"ಯಾವ ಗೆರೆ?"

"ನಮ್ಮ ಅಪ್ಪ ಅಂತ ಬರ್ದಲ್ಲಿ ಎಳ್ದದ್ದು. ಪೇಪರು ಅವಳು ನಂಗೆ ತೋರಿಸ್ಲಿಲ್ಲ. ಅಕ್ಕಿ ಡಬ್ಬದ ಹಿಂದೆ ಹುಗಿಸಿಟ್ಟಿದ್ದಳು. ನಾ ಓದಿ ಬೇಜಾರು ಮಾಡ್ಕಂಬುದು ಬೇಡ ಅಂತ. ನಾನು ಏಳನೇ ಇಯತ್ತೆ ಆದವ, ಅಷ್ಟು ಓದ್ಲಿಕ್ಕೆ ನಂಗೆ ಬರ್ತದೆ."

ಹರೀಶ ಮಾಸ್ತರರಿಗೆ ನಾಚಿಕೆಯಾಯಿತು. ಕೆಸರಿನಲ್ಲಿ ಬಿದ್ದಾಗ ಆದದ್ದು ಬರೀ ಅವಮಾನ, ಅದು ಒಣಗಿದರೆ ಉದುರುವಂಥದ್ದು. ಇದು ಹಾಗೆ ಉದುರುವಂಥದ್ದಲ್ಲ. ಆ ಸಾಲನ್ನು ಸ್ಟಾಫ್ ರೂಮಿನಲ್ಲಿ ಓದಿ ನಗಿಸಿದ್ದು ನೆನಪಾಯಿತು. ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ದುರ್ಗಾಳಿಂದ ಉತ್ತರಪತ್ರಿಕೆ ಇಸಿದುಕೊಂಡು ಆ ಗೆರೆಯ ಕೆಳಗೆ, ಕೆಸರಿನ ಕೈಯಲ್ಲೇ ಬರೆದರು: 'ಅಪ್ಪ ಹೇಳಿದ್ದು ಸರಿ. ಮಾಸ್ತರರು ಹೇಳಿದ್ದು ತಪ್ಪು. 2 ಅಂಕ.' ಅದರ ಕೆಳಗೆ ಸಹಿ, ತಾರೀಖು. ಪ್ರೀತಿ ಅದನ್ನು ಓದಿ, ಈ ಸಲ ಹುಗಿಸಿಡದೆ, ಅಪ್ಪನ ಕೈಗೆ ಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಪಕ್ಕ ಕೂತರು. ಒಣಗಿದ ಕೆಸರು ಪ್ಯಾಂಟಿನಿಂದ ಉದುರುತ್ತಿತ್ತು. ಘಟ್ಟದ ತಿರುವಿನಲ್ಲಿ ಎಂದಿನಂತೆ ಮೈ ಕಿಟಕಿಗೆ ಒತ್ತಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ಗಮನ ಕೊಟ್ಟು ನೋಡಿದರು. ತಳ್ಳುವವರು ಯಾರೂ ಇರಲಿಲ್ಲ. ಮೈ ಹೋಗುತ್ತಿದ್ದ ಕಡೆಗೆ ನೆಟ್ಟಗೆ ಹೋಗಲು ನೋಡುತ್ತಿತ್ತು, ಬಸ್ಸು ತಿರುಗುತ್ತಿತ್ತು. ಕಿಟಕಿಯೇ ಪಾಪ, ಅವರನ್ನು ಒಳಗೆ ದೂಡಿ ಬಸ್ಸಿನ ಜೊತೆ ತಿರುಗಿಸುತ್ತಿತ್ತು. ತಮ್ಮನ್ನು ಹೊರದಬ್ಬಿದವರ ಪಟ್ಟಿಯಲ್ಲೂ ಕೆಲವು ಹೆಸರು ಹೊಡೆದುಹಾಕಬೇಕಾದೀತು ಎಂದು ಅವರಿಗೆ ಅನಿಸಿತು. ಎಲ್ಲವನ್ನೂ ಅಲ್ಲ.

"ಗಟ್ಟಿ ಹಿಡ್ಕಳ್ಳಿ ಸರ್, ಕೇಂದ್ರಾಪಗಾಮಿ!" ಜಟ್ಟು ಕೂಗಿದ.

"ಜಟ್ಟು, ಇಲ್ಲಿ ಬಾ. ಅದು ತಪ್ಪು ಮಾರಾಯ. ನಾನು ಕಲಿಸಿದ್ದೇ ತಪ್ಪು. ಹೊರಗೆ ದಬ್ಬುವ ಬಲ ಅಂತ ಇಲ್ಲ. ಕಲ್ಲು ಸ್ಪರ್ಶಕದ ದಾರಿಯಲ್ಲಿ ಹೋಗ್ತದೆ."

ಜಟ್ಟು ಜಾಣನಗೆ ನಕ್ಕ. "ನನ್ನ ಪರೀಕ್ಷೆ ಮಾಡ್ತ್ರಾ ಸರ್? ಎರಡಕ್ಕೆ ಎರಡು ಕೊಟ್ಟಿದ್ರಿ ನೀವು."

"ಹೌದಪ್ಪ, ತಪ್ಪಿಗೇ ಕೊಟ್ಟಿದ್ದೆ. ಬೇಕಾದ್ರೆ ಸರಕಾರದ ಪುಸ್ತಕ ನೋಡು."

"ಅದು ಪ್ರಿಂಟ್ ಮಿಸ್ಟೇಕು ಸರ್," ಎಂದ ಜಟ್ಟು, ಭಕ್ತಿಯಿಂದ. "ನೀವೇ ಹೇಳಿದ್ದಲ್ವಾ? ನನ್ನ ಮಗಳು ಪ್ರಗತಿ ಎರಡನೇ ಇಯತ್ತೆ, ಅವಳಿಗೂ ಹೇಳಿಕೊಟ್ಟಿದ್ದೇನೆ. ಬಸ್ಸು ತಿರುಗಿದ್ರೆ ಸಾಕು, ಕೇಂದ್ರಾಪಗಾಮಿ ಅಂತ ಎಲ್ಲರ ಎದುರು ಹೇಳ್ತಾಳೆ. ನಮ್ಮ ಅಪ್ಪ ಹೇಳಿದ್ದು ಅಂತಾಳೆ."

ಬಸ್ಸು ಇನ್ನೊಂದು ತಿರುವು ಮುಗಿಸಿದ ಮೇಲೆ ಮಾಸ್ತರರು ಹೇಳಿದರು, "ನಾಳೆ ಭಾನುವಾರ ಅವಳನ್ನ ಭಾವಿಕೇರಿಗೆ ಕರ್ಕಂಡು ಬಾ. ನಾನೇ ಹೇಳ್ತೇನೆ. ತಪ್ಪು ಹೇಳಿದ್ದು ಅಪ್ಪ ಅಲ್ಲ, ಅಪ್ಪನ ಮಾಸ್ತರು ಅಂತ."

ಜಟ್ಟು ಅವರ ಮುಖ ನೋಡಿದ, ಪ್ಯಾಂಟಿನ ಕೆಸರು ನೋಡಿದ. "ಆಯ್ತು ಸರ್, ನೀವು ವಿಶ್ರಾಂತಿ ತಗಳ್ಳಿ," ಎಂದು ಮುಂದೆ ಹೋದ. ಮೊದಲ ಸೀಟಿನಲ್ಲಿದ್ದ ಮೀನಿನ ಗಂಗೂವಿನ ಹತ್ತಿರ ಬಗ್ಗಿ, ಮೆಲ್ಲಗೆ ಎಂದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ, "ನಮ್ಮ ಸರ್‌ಗೆ ಬಿಸಿಲು ಹೊಡ್ದಿದೆ ಕಾಣ್ತದೆ. ಪಾಪ, ಮೊದ್ಲು ಎಷ್ಟು ಸಮ ಕಲಿಸ್ತಿದ್ರು ಗೊತ್ತುಂಟಾ?"

ಮಾಸ್ತರರು ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಜಟ್ಟುವಿನದು ಮೊದಲನೇ ಬ್ಯಾಚು. ಇನ್ನು ಹದಿನೇಳು ಬ್ಯಾಚು ಬಾಕಿ ಇದ್ದವು.